ಚಿಟ್ಟಿ ಇಲ್ಲದ ಮಹಿಷಾಸುರ

2016ರಲ್ಲಿ ರಾಜ್ಯ ಸರಕಾರ ಫ್ಲೆಕ್ಸ್ ನಿಷೇಧಿಸುವುದಕ್ಕೆ ಮೊದಲಿನ ಮಾತು. ಕಾಟಿಪಳ್ಳದಲ್ಲಿ ಬ್ಯಾನರ್ ಡಿಸೈನ್ ಮಾಡಿಕೊಂಡಿದ್ದೆ. ನವಮಂಗಳೂರು ಬಂದರಿಗೆ ಜಾಗ ಬಿಟ್ಟುಕೊಟ್ಟವರು ಬಂದು ನೆಲೆಸಿದ ಊರಿದು. ವಿಳಾಸ ಕೇಳಿದರೆ ಈಗಲೂ ಬ್ಲಾಕ್ ನಂಬರ್ ಹೇಳುತ್ತಾರೆ. ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟವೆಂದರೆ, ತಿರುಗಾಟ ಮುಗಿಯುವ ಪತ್ತನಾಜೆಯವರೆಗೆ ಅಲ್ಲೊಂದು ಇಲ್ಲೊಂದು ಹರಕೆ ಆಟ ಇದ್ದದ್ದೇ. ಆಟ ಇದ್ದಲ್ಲಿ ಬ್ಯಾನರ್. ಫೋಟೊಶಾಪಿನಲ್ಲಿ ನನ್ನ ಕೈ ಪಳಗಿತ್ತು. ಬಾಯಿ ಅದಕ್ಕಿಂತ ತುಸು ಹೆಚ್ಚೇ.

ಆ ಸಲ ‘ದೇವಿ ಮಹಾತ್ಮೆ’. ಸೇವೆ ಆಡಿಸುವ ಮನೆಯ ಹಿರಿಯರು ಮಹಿಷಾಸುರನ ಫೋಟೊ ತಂದು, “ಚಂದ ಮಾಡಿ ಕೊಡು ಮಾರಾಯ” ಅಂದರು. ವೇಷದ ಬೆನ್ನಿಗೆ ಬಿಳಿ ಗೋಡೆ. ಗೋಡೆ ತೆಗೆದು ಕೆಂಪು ಹಿನ್ನೆಲೆ ಹಾಕಬೇಕು, ಅಷ್ಟೇ. ಪೆನ್ ಟೂಲಿನಲ್ಲಿ ಸುತ್ತು ಬರುವ ತಾಳ್ಮೆ ಯಾರಿಗೆ? ಒಂದೇ ಥರದ ಬಣ್ಣ ಹೆಕ್ಕುವ ಮ್ಯಾಜಿಕ್ ವಾಂಡ್ ಒತ್ತಿದೆ. ಗೋಡೆಯ ಮೇಲೆ ನೆರಳಿದ್ದುದರಿಂದ ಟಾಲರೆನ್ಸ್ 32 ಸಾಲಲಿಲ್ಲ, ಏರಿಸಿದೆ. ತೋಳು ಮತ್ತು ಸೊಂಟದ ಸಂದಿಯಲ್ಲಿ ಕಾಣುವ ಗೋಡೆಯೂ ಸಿಗಲಿ ಎಂದು ‘ಕಂಟಿಗ್ಯುಯಸ್’ ಎಂಬಲ್ಲಿನ ಟಿಕ್ ತೆಗೆದೆ. ಆ ಟಿಕ್ ಇದ್ದರೆ ಒತ್ತಿದ ಜಾಗಕ್ಕೆ ತಾಗಿಕೊಂಡ ಬಣ್ಣ ಮಾತ್ರ ಸೆಲೆಕ್ಟ್ ಆಗುತ್ತದೆ. ಇಲ್ಲದಿದ್ದರೆ ಇಡೀ ಚಿತ್ರದಲ್ಲಿ ಎಲ್ಲೆಲ್ಲಿ ಬಿಳಿಯೋ ಅಲ್ಲೆಲ್ಲ.

ಆಮೇಲೆ ಶುರುವಾಯಿತು ನನ್ನ ಕುಸುರಿ. 2007ರ ಸಿಎಸ್3ಯಲ್ಲಿ ಬಂದ ‘ರಿಫೈನ್ ಎಡ್ಜ್’ ಆಗ ನನ್ನ ಹೆಮ್ಮೆಯ ಆಯುಧ. ಕೊಂಬಿನ ತುದಿಗೆ ಫೆದರ್ ಎಷ್ಟು, ಅಂಚಿನ ಬಿಳಿ ಗೆರೆ ಹೋಗಲು ಒಳಕ್ಕೆ ಎಷ್ಟು ಎಳೆಯಬೇಕು ಎಂದು ಜೂಮ್ ಮಾಡಿ ಮಾಡಿ ನೋಡಿದೆ. ಕೊಂಬು ಎರಡೂ ಕತ್ತರಿಸಿಟ್ಟಂತೆ ಬಂದವು. ಡಿಲೀಟ್ ಒತ್ತಿ, ಕೆಂಪು ತುಂಬಿ, ಜೆಪೆಗ್ ಮಾಡಿ ಪ್ರಿಂಟಿಗೆ ಕಳಿಸಿದೆ.

ಬ್ಯಾನರ್ ಕಟ್ಟಿದ ಮೇಲೆ ಹಿರಿಯರು ನನ್ನನ್ನೇ ಅದರ ಕೆಳಗೆ ನಿಲ್ಲಿಸಿ ಕೇಳಿದರು: “ಇದೆಂಥ ಮಾರಾಯ, ಬಣ್ಣದ ವೇಷದ ಮುಖ ತೊಳೆದುಬಿಟ್ಟಿದ್ದೀಯಲ್ಲ?”

ಕತ್ತೆತ್ತಿದೆ. ಹುಬ್ಬಿನ ಮೇಲೆ, ಕೆನ್ನೆಯ ಸುತ್ತ ಮುಳ್ಳುಮುಳ್ಳಾಗಿ ನಿಲ್ಲಬೇಕಿದ್ದ ಬಿಳಿ ಚಿಟ್ಟಿ ಇಲ್ಲ! ಕಣ್ಣಿನ ಬಿಳಿಯೂ ಇಲ್ಲ. ಅಲ್ಲೆಲ್ಲ ಹಿನ್ನೆಲೆಯ ಕೆಂಪು ಇಣುಕುತ್ತಿದೆ. ಮುಖವೂ ಕೆಂಪು, ಹಿನ್ನೆಲೆಯೂ ಕೆಂಪು. ಮಾನಿಟರಿನಲ್ಲಿ ನನಗೆ ಅದು ತೋರಿರಲಿಲ್ಲ. ಅಂಚು ಬಿಟ್ಟು ಮುಖ ನೋಡಿದ್ದರಲ್ಲವೇ ತೋರುವುದು? ಶಾಲೆಯಿಂದ ಬರುವ ಮಕ್ಕಳು ನಿಂತು ನೋಡಿ ನಗುತ್ತಿದ್ದರು. ನಾನು ಗಂಭೀರವಾಗಿ, “ಪ್ರಿಂಟಿನವರ ಕೆಲಸ ಇದು” ಅಂದೆ. ಅನ್ನುವುದಷ್ಟೇ ಅಲ್ಲ, ಹಿರಿಯರನ್ನು ಕರೆದುಕೊಂಡೇ ಜಗಳಕ್ಕೆ ಹೋದೆ. ಅಲ್ಲಿನ ಹುಡುಗ ಮಾತಾಡದೆ ನನ್ನದೇ ಫೈಲ್ ತೆರೆದು, ಮುಖವನ್ನು ದೊಡ್ಡದು ಮಾಡಿ, ಮೌಸ್ ಬಿಟ್ಟು ಕೂತ. ಹಿರಿಯರು ಅತ್ತ ತಿರುಗಿ ಕೆಮ್ಮಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆಟದ ರಾತ್ರಿ, ವೇಷ ಕಟ್ಟುವ ಚೌಕಿಗೆ ಹೋಗಿ ಕೂತೆ. ಅದುವರೆಗೆ ಬ್ಯಾನರಿಗೆ ವೇಷ ಕತ್ತರಿಸಿದ್ದೆನೇ ಹೊರತು ವೇಷ ಕಟ್ಟುವುದನ್ನು ಕೂತು ನೋಡಿದವನಲ್ಲ. ಅಕ್ಕಿ ಹಿಟ್ಟು, ಸುಣ್ಣ ಕಲಸಿದ ಚಿಟ್ಟಿಯನ್ನು ಕಲಾವಿದರು ಕನ್ನಡಿ ಹಿಡಿದು ಮುಖಕ್ಕೆ ಇಡುತ್ತಾರೆ. ಒಂದು ಮುಳ್ಳು ಒಣಗಬೇಕು, ಅದರ ಮೇಲೆ ಇನ್ನೊಂದು. ಗಂಟೆಗಟ್ಟಲೆ ಕೆಲಸ. ನಡುವೆ ನಗುವ ಹಾಗಿಲ್ಲ, ಉದುರುತ್ತದೆ. ಅವರು ಆಗಾಗ ಕನ್ನಡಿಯನ್ನು ದೂರ ಹಿಡಿದು ಪೂರ್ತಿ ಮುಖ ನೋಡಿಕೊಳ್ಳುತ್ತಿದ್ದರು. ಸಾಫ್ಟ್‌ವೇರಿಗೆ ಗೋಡೆಯೂ ಬಿಳಿ, ಚಿಟ್ಟಿಯೂ ಬಿಳಿ. ಅದರ ತಪ್ಪೇನೂ ಇಲ್ಲ. ವ್ಯತ್ಯಾಸ ಗೊತ್ತಿರಬೇಕಾದವನು ನಾನು.

ಈಗ ಡಿಲೀಟ್ ಒತ್ತುವುದಿಲ್ಲ, ಲೇಯರ್ ಮಾಸ್ಕ್ ಹಾಕುತ್ತೇನೆ. ಆಲ್ಟ್ ಹಿಡಿದು ಮಾಸ್ಕಿನ ಮೇಲೆ ಕ್ಲಿಕ್ ಮಾಡಿದರೆ ಉಳಿದದ್ದು ಬಿಳಿ, ಹೋದದ್ದು ಕಪ್ಪಾಗಿ ಕಾಣುತ್ತದೆ. ಮುಖದಲ್ಲಿ ತೂತು ಬಿದ್ದಿದ್ದರೆ ಅಡಗುವುದಿಲ್ಲ. ಬಿಳಿ ಕುಂಚದಿಂದ ಬಳಿದರೆ ಹೋದದ್ದು ವಾಪಸು. ಇನ್ನು ಫೋಟೊ ತೆಗೆಯುವವರಲ್ಲಿ ಒಂದು ವಿನಂತಿ: ಬಣ್ಣದ ವೇಷವನ್ನು ಬಿಳಿ ಗೋಡೆಯ ಮುಂದೆ ನಿಲ್ಲಿಸಬೇಡಿ. ವೇಷದಲ್ಲಿ ಇಲ್ಲದ ಬಣ್ಣದ ಬಟ್ಟೆಯೊಂದನ್ನು ಹಿಂದೆ ಕಟ್ಟಿ. ಫೋಟೊ ಆಮೇಲೆ ಯಾರ ಕೈಗೆ ಹೋಗುತ್ತದೋ ಹೇಳಲಾಗದು.