ಆಸ್ಪತ್ರೆಯಿಂದ ಪ್ರಯೋಗಶಾಲೆಗೆ

ಊರಿನಿಂದ ನಂಟರಿಷ್ಟರು ಬಂದರೆ ಪುಣೆಯಲ್ಲಿ ನಾವು ತೋರಿಸುವ ಜಾಗಗಳು ತಮಗೆ ಗೊತ್ತೇ ಇವೆ: ಶನಿವಾರವಾಡಾ, ಪರ್ವತಿ, ದಗಡೂಶೇಠ್ ಗಣಪತಿ, ಪುರುಸೊತ್ತಿದ್ದರೆ ಸಿಂಹಗಡ. ಡಾಕ್ಟರಿಕೆ ಓದುವ ಮಕ್ಕಳಿರುವ ಮನೆಯವರಿಗೆ ಇನ್ನೊಂದು ಹಾದಿಯನ್ನು ಸೂಚಿಸಬೇಕೆಂದು ನನ್ನ ಆಸೆ. ಅಲ್ಲಿ ದೇವರೂ ಇಲ್ಲ, ಕೋಟೆಯೂ ಇಲ್ಲ.

ರೈಲು ನಿಲ್ದಾಣದಿಂದ ಸ್ವಲ್ಪ ದೂರ ನಡೆದರೆ ಸಾಸೂನ್ ಆಸ್ಪತ್ರೆ. ಡೇವಿಡ್ ಸಾಸೂನ್ ಎಂಬ ಯೆಹೂದಿ ವರ್ತಕರ ದಾನದಿಂದ ಕಟ್ಟಿದ ಇದು 1867ರಲ್ಲಿ ಬಾಗಿಲು ತೆರೆಯಿತು. ಇದಕ್ಕೆ ಸೇರಿದ ಬಿ. ಜೆ. ವೈದ್ಯಕೀಯ ಕಾಲೇಜು ಮೊದಲು ಶಾಲೆಯಾಗಿ ಹುಟ್ಟಿ, 1946ರಲ್ಲಿ ಕಾಲೇಜಾಯಿತು. ಆಗ ಬೆಳಗಾವಿ, ಧಾರವಾಡ, ವಿಜಾಪುರಗಳು ಮುಂಬಯಿ ಪ್ರಾಂತದಲ್ಲಿದ್ದವು. ಹುಬ್ಬಳ್ಳಿಗೆ ವೈದ್ಯಕೀಯ ಕಾಲೇಜು ಬಂದದ್ದು 1957ರಲ್ಲಿ. ಆದ್ದರಿಂದ ಈ ಆವರಣ ನಮಗೆ ತೀರ ಪರಕೀಯವಲ್ಲ.

ಹಾಗೆಯೇ ಡಾ. ಅಂಬೇಡ್ಕರ್ ರಸ್ತೆಗೆ ಬಂದರೆ ರಾಷ್ಟ್ರೀಯ ವೈರಾಣು ಸಂಸ್ಥೆ. ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ 1952ರಲ್ಲಿ ಸ್ಥಾಪನೆಯಾದ ಇದಕ್ಕೆ 1978ರಲ್ಲಿ ಈ ಹೆಸರು ಬಂತು. 2020ರಲ್ಲಿ ಕೊರೋನಾ ವೈರಾಣುವನ್ನು ನಮ್ಮ ದೇಶದಲ್ಲಿ ಮೊದಲು ಬೇರ್ಪಡಿಸಿದ್ದು ಇಲ್ಲಿಯೇ.

ಕನ್ನಡಿಗರ ಮಟ್ಟಿಗೆ ಇದರ ಋಣ ಇನ್ನೂ ಹಳೆಯದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಕಾಡಿನಂಚಿನ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಮೊದಲು ಹಳದಿ ಜ್ವರವೆಂಬ ಶಂಕೆ ಹುಟ್ಟಿತು. ಪುಣೆಯಿಂದ ಹೋದ ತಂಡದಲ್ಲಿ ಟೆಲ್ಫೋರ್ಡ್ ವರ್ಕ್ ಎಂಬ ವೈದ್ಯರೂ ಹೆರಾಲ್ಡ್ ಟ್ರಾಪಿಡೊ ಎಂಬ ಪ್ರಾಣಿಶಾಸ್ತ್ರಜ್ಞರೂ ಇದ್ದರು. ಅದು ಹೊಸ ವೈರಾಣುವೆಂದೂ, ಉಣುಗುಗಳಿಂದ ಹರಡುವುದೆಂದೂ ತಿಳಿದುಬಂತು. ಮಲೆನಾಡಿನವರು ‘ಮಂಗನ ಕಾಯಿಲೆ’ ಎನ್ನುವುದು ಇದನ್ನೇ. ಬರೀ ನಾಡಿ ನೋಡಿ ಔಷಧಿ ಬರೆಯುವವರಿಂದ ಈ ಕೆಲಸ ಆಗುತ್ತಿರಲಿಲ್ಲ.

ಇದನ್ನೆಲ್ಲ ಹೇಳಲು ಕಾರಣವಿದೆ. ನನ್ನ ಅಕ್ಕನ ಮಗ ಎಂ.ಬಿ.ಬಿ.ಎಸ್. ಓದುತ್ತಿದ್ದಾನೆ. “ಮಾಮಾ, ನಡುವೆ ಒಂದು ವರ್ಷ ಬಿಟ್ಟು ಸಂಶೋಧನೆ ಕಲಿಯುತ್ತೇನೆ” ಎಂದು ಅವನು ಹೇಳಿದ ದಿನ ಮನೆಯಲ್ಲಿ ಯಾರಿಗೂ ಊಟ ರುಚಿಸಲಿಲ್ಲ. ಭಾವನವರು ಕೇಳಿದ್ದು ಒಂದೇ ಮಾತು: “ಬ್ಯಾಂಕಿನ ಸಾಲವೂ ಒಂದು ವರ್ಷ ರಜೆ ತೆಗೆದುಕೊಳ್ಳುತ್ತದೆಯೇ?” ಅವರ ಪ್ರಶ್ನೆ ಸಣ್ಣದಲ್ಲ. ಅವರ ನಿವೃತ್ತಿ ಹತ್ತಿರವಿದೆ, ಮಗಳ ಮದುವೆ ಬಾಕಿಯಿದೆ.

ಬ್ರಿಟನ್ನಿನಲ್ಲಿ ಇಂಥ ವರ್ಷಕ್ಕೆ ಪಾಠಕ್ರಮದಲ್ಲಿಯೇ ಸ್ಥಾನವುಂಟು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ವೈದ್ಯ ವಿದ್ಯಾರ್ಥಿಗಳು ಸಾಮಾನ್ಯವಾಗಿ ಆರು ವರ್ಷ ಓದುತ್ತಾರೆ. ಅದರಲ್ಲೊಂದು ವರ್ಷ ಬಿ.ಎಸ್ಸಿ. ಪದವಿಗೆ ಮೀಸಲು. ಅಲ್ಲಿ ನಡುವೆ ನಿಂತವನು ಹಿಂದುಳಿದವನೆನಿಸುವುದಿಲ್ಲ. ನಮ್ಮಲ್ಲಿ ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್ಪು. ಸಂಶೋಧನೆಗೆಂದು ಬೇರೆ ವರ್ಷವಿಲ್ಲ. ಬಿಟ್ಟುಹೋದವನು ಮರಳಿ ಬಂದಾಗ ಕಿರಿಯರ ತರಗತಿಯಲ್ಲಿ ಕೂರಬೇಕು.

ಹಾಗೆಂದು ದಾರಿಯೇ ಇಲ್ಲವೆನ್ನುವಂತಿಲ್ಲ. ಓದುತ್ತಿರುವ ವೈದ್ಯ ವಿದ್ಯಾರ್ಥಿಗಳಿಗಾಗಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 1979ರಲ್ಲಿ ಎರಡು ತಿಂಗಳ ಕಿರು ವಿದ್ಯಾರ್ಥಿವೇತನವನ್ನು ಆರಂಭಿಸಿತು. ತರಗತಿ ತಪ್ಪದು, ವರ್ಷ ಕಳೆಯದು. ಒಂದು ಪ್ರಶ್ನೆಯನ್ನು ಹಿಡಿದು ಕೊನೆ ಮುಟ್ಟಿಸುವ ತಾಳ್ಮೆ ತನಗಿದೆಯೇ ಎಂಬುದು ಹುಡುಗನಿಗೇ ತಿಳಿಯುತ್ತದೆ. ಮೊದಲು ಇಂಥ ಕೆಲಸ, ಆಮೇಲೆ ಪದವಿ, ಆಗಲೂ ಹಂಬಲ ಉಳಿದಿದ್ದರೆ ಒಂದು ವರ್ಷ ಪ್ರಯೋಗಶಾಲೆ: ನಮ್ಮ ಮನೆಯಲ್ಲಿ ಆದ ಒಪ್ಪಂದ ಇದು. ಆ ವರ್ಷ ಸಂಬಳದ ಮಾತೆತ್ತುವುದಿಲ್ಲವೆಂದು ಭಾವನವರೂ ಒಪ್ಪಿದ್ದಾರೆ.

ನಿಮ್ಮ ಮನೆಯಲ್ಲಿಯೂ ಈ ಮಾತು ಬಂದರೆ ಕೂಡಲೇ ‘ವರ್ಷ ಹಾಳು’ ಎನ್ನಬೇಡಿರಿ. ಯಾವ ಪ್ರಶ್ನೆಗೆ, ಯಾವ ಗುರುಗಳ ಕೈಕೆಳಗೆ, ಯಾರ ಖರ್ಚಿನಲ್ಲಿ ಎಂದು ಕೇಳಿರಿ. ಮೂರಕ್ಕೂ ಉತ್ತರವಿದ್ದರೆ ಹುಡುಗ ಯೋಚನೆ ಮಾಡಿಯೇ ಬಂದಿದ್ದಾನೆಂದು ತಿಳಿಯಿರಿ. ಮಲೆನಾಡಿನಲ್ಲಿ ಇಂದಿಗೂ ಬೇಸಗೆ ಬಂತೆಂದರೆ ಮಂಗನ ಕಾಯಿಲೆಯ ಭಯ ಹೋಗಿಲ್ಲ. ಆ ಕಾಡಿಗೆ ಹೋಗಬಲ್ಲ ವೈದ್ಯರು ನಮ್ಮ ಮನೆಗಳಿಂದಲೂ ಬರಬೇಕಲ್ಲವೇ?