ಹುಲ್ಲು ಹೆಚ್ಚಾದ ಊರಿನ ಕುದುರೆಗಳು

ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದಲ್ಲಿ ರೈಲು ಹತ್ತಿದರೆ ಸುಮಾರು ಎರಡು ಗಂಟೆಗೆ ನಾರಿಚ್. ಅಲ್ಲಿಂದಾಚೆ ನಾರ್ಫೋಕ್ ಸೀಮೆಯ ಹಳ್ಳಿದಾರಿ. ಬೆಟ್ಟಗುಡ್ಡ ಒಂದೂ ಇಲ್ಲ. ಕಣ್ಣು ಹಾಯುವಷ್ಟು ದೂರ ಮಟ್ಟಸ ನೆಲ, ಮೇಲೆ ಭಾರೀ ಆಕಾಶ. ಜೂನ್ ತಿಂಗಳ ಆರಂಭ, ಅಲ್ಲಿಯವರ ಲೆಕ್ಕಕ್ಕೆ ಬೇಸಿಗೆ ಆಗಷ್ಟೇ ಕಾಲಿಟ್ಟಿತ್ತು. ಬೇಸಿಗೆ ಎಂದರೆ ನನ್ನಂಥ ಬಯಲುಸೀಮೆಯವನಿಗೆ ಕೆರೆಯಂಗಳ ಬಿರುಕು ಬಿಡುವ ಕಾಲ. ಗೋಮಾಳದಲ್ಲಿ ಹಸಿರು ಕಡ್ಡಿ ಸಿಗದೆ ದನಗಳು ಬಣವೆಯ ಕಡೆ ಮುಖ ಮಾಡಿ ನಿಲ್ಲುವ ಕಾಲ. ಇಲ್ಲಿ ನೋಡಿದರೆ ರಸ್ತೆಯ ಎರಡೂ ಮಗ್ಗುಲಿಗೆ ಸೊಂಟದೆತ್ತರದ ಹುಲ್ಲು ತೂಗುತ್ತಿತ್ತು. ಬೇಲಿಯ ಹಾಥಾರ್ನ್ ಗಿಡಗಳಲ್ಲಿ ಉಳಿದ ಬಿಳಿ ಹೂ, ಹೊಲದಂಚಿನಲ್ಲಿ ಕೆಂಪು ಪಾಪಿ, ಗಾಳಿಯಲ್ಲಿ ಹಸಿಹುಲ್ಲಿನ ಸಿಹಿ ವಾಸನೆ. ನಾನು ಹೊರಟಿದ್ದದ್ದು ಈ ಹುಲ್ಲನ್ನೇ ಕಂಡು ದಿಗಿಲುಪಡುವ ಜನರ ಬಳಿಗೆ.

ನಾರ್ಫೋಕ್‌ಗೂ ದಿಕ್ಕಿಲ್ಲದ ಕುದುರೆಗಳಿಗೂ ಹಳೆಯ ನಂಟು. ಈ ಸೀಮೆಯಲ್ಲೇ ಹುಟ್ಟಿದ ಏಡಾ ಕೋಲ್ ಎಂಬಾಕೆ 1911ರಲ್ಲಿ ಬೆಲ್ಜಿಯಂನ ಆಂಟ್‌ವರ್ಪ್ ಬಂದರಿನಲ್ಲಿ, ಹಡಗಿನಿಂದ ಇಳಿಯುತ್ತಿದ್ದ ಬ್ರಿಟನ್ನಿನ ಮುದಿ ಕುದುರೆಗಳನ್ನು ಕಂಡರು. ಆಯುಷ್ಯವಿಡೀ ಗಾಡಿ ಎಳೆದು ಸವೆದಿದ್ದ ಅವುಗಳನ್ನು ಅಲ್ಲಿಂದ ಕಸಾಯಿಖಾನೆಗೆ ನಡೆಸಿಕೊಂಡು ಹೋಗುತ್ತಿದ್ದರು. ಆ ನೋಟ ಆಕೆಯನ್ನು ಬಿಡಲಿಲ್ಲ. 1927ರಲ್ಲಿ ಒಂದು ಸಂಸ್ಥೆ ಕಟ್ಟಿದರು. ಆಕೆ ತೀರಿಹೋದ ಮೇಲೆ, 1937ರಲ್ಲಿ, ಆ ರಫ್ತಿಗೆ ಮೂಗುದಾರ ಹಾಕುವ ಕಾಯ್ದೆಯೂ ಬಂತು. ಅದೇ ಸಂಸ್ಥೆ ಇಂದು ವರ್ಲ್ಡ್ ಹಾರ್ಸ್ ವೆಲ್‌ಫೇರ್ ಎಂಬ ಹೆಸರಿನಲ್ಲಿ ನಾರ್ಫೋಕ್‌ನ ಸ್ನೆಟರ್ಟನ್‌ನಲ್ಲಿದೆ. 1984ರಲ್ಲಿ ಶುರುವಾದ ರೆಡ್‌ವಿಂಗ್ಸ್ ಕೂಡ ಈ ಸೀಮೆಯದೇ. ನಾನು ಉಳಿದುಕೊಂಡದ್ದು ಅಷ್ಟು ದೊಡ್ಡದಲ್ಲದ, ಬಹುಪಾಲು ಸ್ವಯಂಸೇವಕರೇ ನಡೆಸುವ ಒಂದು ಆಶ್ರಯದಲ್ಲಿ.

ಅಲ್ಲಿ ಜೂನಿನಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಹುಟ್ಟಿಬಿಡುತ್ತಾನೆ. ಮುಳುಗುವುದು ರಾತ್ರಿ ಒಂಬತ್ತು ದಾಟಿದ ಮೇಲೆ. ಬೆಳಗಿನ ಮೊದಲ ಕೆಲಸ ಕುದುರೆಗಳನ್ನು ಹುಲ್ಲುಗಾವಲಿನಿಂದ ಒಳಗೆ ತರುವುದು. ನಮ್ಮಲ್ಲಿ ಬೆಳಗ್ಗೆ ಹೊರಗೆ ಹೊಡೆದು ಸಂಜೆ ಕೊಟ್ಟಿಗೆಗೆ ಕಟ್ಟುತ್ತೇವೆ. ಇಲ್ಲಿ ಬಹುತೇಕ ಕುದುರೆಗಳನ್ನು ರಾತ್ರಿಯಿಡೀ ಮೇಯಿಸಿ ಹಗಲು ಲಾಯದಲ್ಲಿ ನಿಲ್ಲಿಸುತ್ತಾರೆ. ಹಗಲಿನ ನೊಣದ ಕಾಟ ಒಂದು ಕಾರಣ. ಇನ್ನೊಂದು ಕಾರಣ ಕೇಳಿ ಬೆರಗಾದೆ. ಬಿಸಿಲು ಏರುತ್ತ ಹೋದಂತೆ ಹುಲ್ಲಿನಲ್ಲಿ ಸಕ್ಕರೆಯೂ ಏರುತ್ತದೆ. ರಾತ್ರಿ ಬೆಳೆಯುತ್ತ ಹುಲ್ಲು ಅದನ್ನು ತಾನೇ ಖರ್ಚು ಮಾಡಿಕೊಳ್ಳುತ್ತದೆ. ಹಾಗಾಗಿ ಹಿಮ ಬೀಳದ ನಸುಕಿನ ಹುಲ್ಲು ಅಪಾಯ ಕಡಿಮೆ ಇರುವ ಮೇವು.

ಅಪಾಯವೆಂದರೆ ಲ್ಯಾಮಿನೈಟಿಸ್. ಕುದುರೆಯ ಗೊರಸಿನೊಳಗೆ ಒಂದು ಮೂಳೆ ಇದೆ. ಗೊರಸಿನ ಗೋಡೆಗೂ ಆ ಮೂಳೆಗೂ ನಡುವೆ ಪುಸ್ತಕದ ಹಾಳೆಗಳ ಹಾಗೆ ಒತ್ತೊತ್ತಾದ ಪದರಗಳು. ಕುದುರೆಯ ಭಾರವೆಲ್ಲ ನೇತಾಡುವುದು ಈ ಪದರಗಳ ಹಿಡಿತದ ಮೇಲೆ. ಸಿಹಿಹುಲ್ಲು ಮಿತಿ ಮೀರಿ ಮೈಯೊಳಗಿನ ಇನ್ಸುಲಿನ್ ಏರಿದರೆ ಪದರಗಳು ಸಡಿಲವಾಗುತ್ತವೆ. ರೋಗ ಜೋರಾದರೆ ಮೂಳೆಯೇ ತಿರುಗಿಕೊಂಡು ಅಂಗಾಲಿನ ಕಡೆಗೆ ಇಳಿಯುತ್ತದೆ. ಅಂಥ ಒಂದು ಕಂದು ಬಣ್ಣದ ಕುಳ್ಳ ಕುದುರೆಯನ್ನು ನೋಡಿದೆ. ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಮ್ಮಡಿಗೆ ಹಾಕಿ, ಒಂದು ಹೆಜ್ಜೆ ಇಡಬೇಕೋ ಬೇಡವೋ ಎಂದು ಯೋಚಿಸುತ್ತ ನಿಂತಿತ್ತು. ನೋಡಿಕೊಳ್ಳುವ ಹುಡುಗಿ ಗೊರಸಿನ ಮೇಲೆ ಅಂಗೈಯಿಟ್ಟು, ಆಮೇಲೆ ನನ್ನ ಕೈಯನ್ನೂ ಇಡಿಸಿದಳು. ಕಾವು ತಟ್ಟಿತು. ಗೊರಸಿನ ಮೇಲಿನ ಸಂದಿಯಲ್ಲಿ ನಾಡಿ ಪಟಪಟ ಹೊಡೆದುಕೊಳ್ಳುತ್ತಿತ್ತು. ಅದಕ್ಕೆ ದಪ್ಪನೆಯ ಮೆತ್ತನೆ ಹಾಸು, ನೋವಿನ ಔಷಧಿ, ಮತ್ತೆ ನೀರಿನಲ್ಲಿ ನೆನೆಸಿ ಸಕ್ಕರೆ ತೊಳೆದ ಒಣಹುಲ್ಲು. ಕಿಟಕಿಯಾಚೆ ಎಕರೆಗಟ್ಟಲೆ ಹಸಿರು. ಒಳಗೆ ತೂಕದ ಮಾಪಕಕ್ಕೆ ಬಲೆಚೀಲ ನೇತುಹಾಕಿ ಅಳೆದುಕೊಟ್ಟ ಒಣಮೇವು.

ಲ್ಯಾಮಿನೈಟಿಸ್ ಇನ್ನೂ ಬಾರದ, ಆದರೆ ಮೈ ತುಂಬುತ್ತಿರುವ ಕುದುರೆಗಳ ಬಾಯಿಗೆ ಒಂದು ಬುಟ್ಟಿ ಕಟ್ಟುತ್ತಾರೆ. ನಮ್ಮ ಹೊಲಗಳಲ್ಲಿ ಎಡೆಕುಂಟೆ ಹೊಡೆಯುವಾಗ ಎತ್ತು ಪೈರಿಗೆ ಬಾಯಿ ಹಾಕದಿರಲೆಂದು ಕಟ್ಟುವ ಕುಕ್ಕೆಯಂಥದ್ದೇ. ನಾವು ಕಟ್ಟುವುದು ಪೈರು ಉಳಿಸಲು, ಇವರು ಕಟ್ಟುವುದು ಕುದುರೆ ಉಳಿಸಲು. ಇದರ ತಳದಲ್ಲಿ ಒಂದು ಸಣ್ಣ ತೂತು. ಅದರಲ್ಲಿ ತೂರಿಬಂದ ನಾಲ್ಕಾರು ಎಸಳನ್ನಷ್ಟೇ ಕಚ್ಚಿಕೊಳ್ಳಬಹುದು. ಒಂದು ಶೆಟ್‌ಲ್ಯಾಂಡ್ ಪೋನಿ, ನನ್ನ ಸೊಂಟದೆತ್ತರವೂ ಇಲ್ಲದ್ದು, ಬುಟ್ಟಿಯನ್ನು ನೆಲಕ್ಕೆ ಒತ್ತಿ, ಎಸಳು ತೂತಿನೊಳಗೆ ನೆಟ್ಟಗೆ ನಿಲ್ಲುವವರೆಗೆ ಮೂತಿ ಆಡಿಸುತ್ತಿತ್ತು. ಸ್ಕಾಟ್‌ಲ್ಯಾಂಡಿನ ಉತ್ತರದ ಬರಡು ದ್ವೀಪಗಳಲ್ಲಿ ಕಳೆ, ಪೊದೆ ಕಡಿದು ಬದುಕಿದ ತಳಿ ಅದು. ಇಷ್ಟು ಕೊಬ್ಬಿದ ಹುಲ್ಲಿಗೆ ಅದರ ಮೈ ಹೊಂದಿಕೊಂಡಿಲ್ಲ.

ಇದೇ ಆವರಣದ ಇನ್ನೊಂದು ಮೂಲೆಯಲ್ಲಿ ಕಥೆ ತಿರುಗುಮುರುಗು. ಯಾರೋ ಹೊಲದಂಚಿಗೆ ಬಿಟ್ಟುಹೋಗಿದ್ದ ಕಪ್ಪುಬಿಳಿ ಮಚ್ಚೆಯ ಕಾಬ್ ಜಾತಿಯ ಹೆಣ್ಣುಕುದುರೆ. ಪಾದದ ಸುತ್ತ ಜೊಂಪೆ ಕೂದಲು, ಮೇಲೆ ಎಣಿಸಬಹುದಾದ ಪಕ್ಕೆಲುಬು, ಚೂಪಾಗಿ ಎದ್ದ ಸೊಂಟದ ಮೂಳೆ. ಹೊಸದಾಗಿ ಬಂದದ್ದರಿಂದ ಸ್ಟ್ರಾಂಗಲ್ಸ್ ಎಂಬ ಗಂಟಲ ಸೋಂಕಿನ ಭಯಕ್ಕೆ ಬೇರೆಯೇ ಇಟ್ಟಿದ್ದರು. ಅದರ ಬಳಿ ಹೋಗುವ ಮುನ್ನ ಬೂಟನ್ನು ಔಷಧಿ ನೀರಿನಲ್ಲಿ ಅದ್ದಿದೆವು. ಸೊರಗಿದ ಕುದುರೆ ಕಂಡರೆ ಹುರುಳಿ ಬೇಯಿಸಿ ಮುಂದಿಡುವುದು ನಮ್ಮ ಕಡೆಯ ಕರುಣೆ. ಇಲ್ಲಿ ಕೆಲವು ಗಂಟೆಗೊಮ್ಮೆ ಒಂದೊಂದು ಹಿಡಿ ಹೆಚ್ಚಿಸುತ್ತ ಒಣಹುಲ್ಲು ಮಾತ್ರ. ತಿಂಗಳುಗಟ್ಟಲೆ ಉಪವಾಸವಿದ್ದ ಮೈಗೆ ಒಮ್ಮೆಲೇ ಕಾಳು ಹಾಕಿದರೆ ರಕ್ತದ ಲವಣಗಳು ಏರುಪೇರಾಗಿ ಹೃದಯವೇ ನಿಲ್ಲಬಹುದು. ಅದು ಪ್ರತಿ ಸಲವೂ ಖಾಲಿ ಬೋಗುಣಿಯನ್ನು ನೆಕ್ಕಿ ನೆಕ್ಕಿ ಗೋಡೆಯವರೆಗೂ ತಳ್ಳಿಕೊಂಡು ಹೋಗುತ್ತಿತ್ತು. ಇನ್ನಷ್ಟು ಹಾಕದೆ ಅಲ್ಲೇ ನಿಂತು ನೋಡುವುದಕ್ಕೆ ಎಂಥ ಗಟ್ಟಿ ಪ್ರೀತಿ ಬೇಕು ಎಂದು ಆ ಹುಡುಗಿಯ ಮುಖ ನೋಡಿ ತಿಳಿದೆ.

ಹಗಲಿನ ಕೆಲಸಕ್ಕೆ ಕೊನೆಯಿಲ್ಲ. ಒಂದು ಕುದುರೆ ದಿನಕ್ಕೆ ಇಪ್ಪತ್ತು ಕಿಲೋದಷ್ಟು ಲದ್ದಿ ಹಾಕುತ್ತದೆ. ಅದನ್ನು ಗಾವಲಿನಿಂದ ಎತ್ತದಿದ್ದರೆ ಜಂತುಹುಳುವಿನ ಮರಿಗಳು ಹುಲ್ಲಿಗೆ ಹತ್ತಿಕೊಳ್ಳುತ್ತವೆ. ಫೋರ್ಕು, ತಳ್ಳುಗಾಡಿ ಹಿಡಿದು ನಾನೂ ಸೇರಿಕೊಂಡೆ. ಹಳದಿ ಹೂ ಬಿಡುವ ಮುಂಚೆಯೇ ರ‍್ಯಾಗ್‌ವರ್ಟ್ ಗಿಡಗಳನ್ನು ಬೇರುಸಹಿತ ಕೀಳಬೇಕು, ಕೈಗವಸು ಹಾಕಿಕೊಂಡು. ಹಸಿಯಿದ್ದಾಗ ಕಹಿಯೆಂದು ಕುದುರೆಯೇ ದೂರವಿಡುತ್ತದೆ. ಒಣಮೇವಿನಲ್ಲಿ ಸೇರಿತೋ, ಕಹಿ ಹೋಗಿ ವಿಷ ಉಳಿದು ಯಕೃತ್ತನ್ನು ಕೊಲ್ಲುತ್ತದೆ. ಮೂತಿ ಗುಲಾಬಿಯಿರುವ ಕುದುರೆಗಳಿಗೆ ಬಿಸಿಲಿನ ಕ್ರೀಮು ಹಚ್ಚುವುದೂ ಇದೆ. ನಮ್ಮ ಬಿಸಿಲನ್ನು ಕಂಡಿದ್ದರೆ ಇವು ಏನು ಮಾಡುತ್ತಿದ್ದವೋ!

ನನ್ನನ್ನು ಎಲ್ಲಕ್ಕಿಂತ ಬೆರಗುಗೊಳಿಸಿದ್ದು ಜೀಬ್ರಾದ ಬಟ್ಟೆ. ಬೇಲಿಯಾಚೆ ಎರಡು ಕುದುರೆಗಳು ತಲೆಯಿಂದ ಬಾಲದವರೆಗೆ ಕಪ್ಪುಬಿಳಿ ಪಟ್ಟೆಯ ತೆಳು ಹೊದಿಕೆ ಹೊದ್ದು ಮೇಯುತ್ತಿದ್ದವು. ಕಣ್ಣಿಗೆ ಜಾಲರಿಯ ಮುಖವಾಡ ಬೇರೆ. ತಮಾಷೆಯ ವೇಷವಲ್ಲ ಅದು. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಟಿಮ್ ಕ್ಯಾರೋ ಮತ್ತು ಸಂಗಡಿಗರು ಕುದುರೆಗಳಿಗೆ ಕಪ್ಪು, ಬಿಳಿ ಮತ್ತು ಪಟ್ಟೆಯ ಹೊದಿಕೆ ತೊಡಿಸಿ ನೋಡಿದ್ದರು. ಪಟ್ಟೆಯ ಮೇಲೆ ಕುದುರೆನೊಣ ಕೂರುವುದು ತೀರ ಕಡಿಮೆ. ಹತ್ತಿರ ಬಂದರೂ ವೇಗ ತಗ್ಗಿಸಿ ಇಳಿಯಲು ಅವಕ್ಕೆ ಆಗುವುದಿಲ್ಲ. ನಾನು ಬೇಲಿಗೊರಗಿ ಬಹಳ ಹೊತ್ತು ನೋಡಿದೆ. ನೊಣಗಳು ಹೊದಿಕೆಗೆ ಢಿಕ್ಕಿ ಹೊಡೆದು ಚಿಮ್ಮಿ ಹೋಗುತ್ತಿದ್ದವು.

ಸಂಜೆ ಲಾಯದ ಮುಂದಿನ ಬೆಂಚಿನಲ್ಲಿ ಚಹಾ ಕುಡಿಯುತ್ತ ನಮ್ಮೂರ ಕುದುರೆಗಳ ಮಾತು ಬಂತು. ಮೈಸೂರಿನ ಟಾಂಗಾಗಳ ಬಗ್ಗೆ ಹೇಳಿದೆ. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರದ ಸವಾರರು ಹೈಫಾ ಗೆದ್ದ ಕಥೆ ಹೇಳಿದೆ. ಅಲ್ಲಿದ್ದ ಹಿರಿಯ ಹೆಂಗಸೊಬ್ಬರು ಆ ಯುದ್ಧದ ಮುಂದಿನ ಕಥೆ ಹೇಳಿದರು. ಬ್ರಿಟಿಷ್ ಸೈನ್ಯ ಆ ಕಡೆ ಮಾರಿ ಹೋಗಿದ್ದ ಕುದುರೆಗಳು ಕೈರೋ ಬೀದಿಗಳಲ್ಲಿ ಗಾಡಿ ಎಳೆದು ಮೂಳೆ ಚಕ್ಕಳವಾಗಿದ್ದವಂತೆ. 1930ರಲ್ಲಿ ಅಲ್ಲಿಗೆ ಹೋದ ಡೊರೊಥಿ ಬ್ರೂಕ್ ಪತ್ರಿಕೆಗೆ ಪತ್ರ ಬರೆದು ಹಣ ಕೂಡಿಸಿ, ಸುಮಾರು ಐದು ಸಾವಿರ ಕುದುರೆಗಳನ್ನು ಕೊಂಡು ಆ ದುಡಿಮೆಯಿಂದ ಬಿಡಿಸಿದರು. 1934ರಲ್ಲಿ ಕೈರೋದಲ್ಲೇ ಆಸ್ಪತ್ರೆ ತೆರೆದರು. ನಮ್ಮ ನಾಡಿನವರ ಹೆಸರಿಗೆ ಕೀರ್ತಿ ತಂದ ರಣರಂಗದ ಮೂಕ ಜೀವಗಳಿಗೆ ಕಡೆಗಾಲಕ್ಕಾದರೂ ಒಬ್ಬರು ದಿಕ್ಕಾದರಲ್ಲ ಎಂದು ಸಮಾಧಾನವಾಯಿತು.

ನಾನು ಹೊರಡುವ ಮುನ್ನ ಹತ್ತಿರದ ಹಳ್ಳಿಯಿಂದ ಒಂದು ಕುಟುಂಬ ಬಂದಿತ್ತು, ಚೇತರಿಸಿಕೊಂಡ ಒಂದು ಬೂದು ಪೋನಿಯನ್ನು ಮನೆಗೆ ಕರೆದೊಯ್ಯಲು. ಆಶ್ರಯದವರು ಕುದುರೆಯನ್ನು ಮಾರುವುದಿಲ್ಲ. ಒಡೆತನ ತಮ್ಮಲ್ಲೇ ಇಟ್ಟುಕೊಂಡು ಸಾಕಲು ಕೊಡುತ್ತಾರೆ, ಆಗಾಗ ಹೋಗಿ ನೋಡುತ್ತಾರೆ. ನಮ್ಮಲ್ಲಾಗಿದ್ದರೆ ಮೊದಲ ಪ್ರಶ್ನೆ ಮೇವು ಎಷ್ಟಿದೆ ಎಂದೇ. ಇಲ್ಲಿ ಹುಡುಗಿ ಕೇಳಿದ್ದು, ನಿಮ್ಮ ಗಾವಲಿನ ಹುಲ್ಲನ್ನು ಹೇಗೆ ತಡೆಯುತ್ತೀರಿ ಎಂದು. ಆ ಮನೆಯ ಮಗ ಫೋನಿನಲ್ಲಿ ಚಿತ್ರ ತೋರಿಸಿದ. ಗಾವಲಿನೊಳಗೆ ಸುತ್ತಲೂ ವಿದ್ಯುತ್ ಬೇಲಿ ಹಾಕಿ ಅಂಚಿನಲ್ಲಿ ಓಣಿಯಷ್ಟು ಜಾಗ ಬಿಟ್ಟಿದ್ದರು, ಪೋನಿ ಮೇಯುವುದಕ್ಕಿಂತ ನಡೆಯುವುದೇ ಹೆಚ್ಚಾಗಲೆಂದು. ಹುಡುಗಿ ಚಿತ್ರವನ್ನು ದೊಡ್ಡದು ಮಾಡಿ ನೋಡಿ, ನೀರಿನ ತೊಟ್ಟಿಯನ್ನು ಒಣಹುಲ್ಲಿನ ಜಾಗದಿಂದ ಇನ್ನಷ್ಟು ದೂರಕ್ಕೆ ಸರಿಸಲು ಹೇಳಿದಳು.