ರಾಯದುರ್ಗದಿಂದ ಮಡಕಶಿರಕ್ಕೆ ಒಂದು ಆಟದ ಬಂಡಿ

ರಾಯದುರ್ಗದ ಕೋಟೆಬೆಟ್ಟವನ್ನು ಹಿಂದೆ ಬಿಟ್ಟು, ಕಲ್ಯಾಣದುರ್ಗದ ದಾರಿ ಹಿಡಿದು ಮಡಕಶಿರಕ್ಕೆ ಹೊರಟವರು ನಡುವೆ ಪಾವಗಡವನ್ನು ಹಾದುಹೋಗುವುದುಂಟು. ಆಂಧ್ರದಲ್ಲಿ ಬಸ್ಸು ಹತ್ತಿ, ಕರ್ನಾಟಕವನ್ನು ಹೊಕ್ಕು ಹೊರಬಂದು, ಮತ್ತೆ ಆಂಧ್ರದಲ್ಲಿ ಇಳಿಯುವ ಈ ಪ್ರಯಾಣದಲ್ಲಿ ಅಂಗಡಿಗಳ ಹಲಗೆಗಳು ತೆಲುಗಿನಿಂದ ಕನ್ನಡಕ್ಕೆ ತಿರುಗಿ ಪುನಃ ತೆಲುಗಾಗುತ್ತವೆ. ಜನರ ಮಾತು ಅಷ್ಟು ಅವಸರಪಡುವುದಿಲ್ಲ. ನಮ್ಮ ಕಡೆಯ 'ಐತಿ' ಎಂಬುದು ಅಲ್ಲೆಲ್ಲೋ ದಾರಿಯಲ್ಲಿ ಸದ್ದಿಲ್ಲದೆ 'ಐತೆ' ಆಗಿಬಿಡುತ್ತದೆ, ಅಷ್ಟೆ. ಕಪ್ಪು ನೆಲ ಮುಗಿದು ಕೆಂಪು ನೆಲ ಬರುತ್ತದೆ. ಜೋಳ ಹಿಂದೆ ಸರಿದು ರಾಗಿ ಮುಂದೆ ಬರುತ್ತದೆ. ಶೇಂಗಾ ಮಾತ್ರ ಎರಡು ಕಡೆಯೂ ಮಳೆಯ ದಾರಿ ಕಾಯುತ್ತಿರುತ್ತದೆ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು ತಾಲ್ಲೂಕುಗಳೊಡನೆ ನಮ್ಮ ರಾಯದುರ್ಗವೂ ಆ ಕಡೆಗೆ ಸೇರಿ, ಅನಂತಪುರ ಜಿಲ್ಲೆಯ ಪಾಲಾಯಿತು. ಮಡಕಶಿರವು ಅದಕ್ಕೆ ಮೊದಲೇ ಆ ಜಿಲ್ಲೆಯಲ್ಲಿತ್ತು. 2022ರಲ್ಲಿ ಅದು ಹೊಸದಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಹೀಗೆ ಗೆರೆಗಳು ನಮ್ಮನ್ನು ಮತ್ತೆ ಮತ್ತೆ ಬೇರೆಬೇರೆಯಾಗಿ ಹಂಚಿದರೂ ಕನ್ನಡ ಶಾಲೆಗಳ ಉಪಾಧ್ಯಾಯರ ನಡುವಿನ ಹೋಗುಬರವು ನಿಂತಿಲ್ಲ. ನಮ್ಮೊಡನೆ ಶಿಕ್ಷಕ ತರಬೇತಿ ಪಡೆದ ಗೆಳೆಯರೊಬ್ಬರು ಮಡಕಶಿರದ ಕಡೆಯ ಹಳ್ಳಿಯೊಂದರಲ್ಲಿ ಮುಖ್ಯೋಪಾಧ್ಯಾಯರಾಗಿದ್ದಾರೆ. ಈ ಸಲ ಅವರಲ್ಲಿಗೆ ಹೊರಟಾಗ ನಮ್ಮ ತೊಡೆಯ ಮೇಲೆ ಒಂದು ರಟ್ಟಿನ ಪೆಟ್ಟಿಗೆಯಿತ್ತು. ಅದರೊಳಗೆ ಮೊಳದುದ್ದಕ್ಕಿಂತ ಕೊಂಚ ಕಡಿಮೆಯ, ನಾಲ್ಕು ದಪ್ಪ ರಬ್ಬರು ಗಾಲಿಗಳ, ದೂರದಿಂದಲೇ ರೇಡಿಯೋ ಅಲೆಗಳ ಅಪ್ಪಣೆಗೆ ಓಡುವ ಒಂದು ಮಾದರಿ ಕಾರು. ಕಂಡಕ್ಟರರು ಅದಕ್ಕೆ ಟಿಕೆಟು ಕೇಳಲಿಲ್ಲವೆಂಬುದು ಅವರ ದೊಡ್ಡತನ.

ಈ ಕಾರು ಅಂಗಡಿಯಿಂದ ಕಾರಾಗಿ ಬಂದುದಲ್ಲ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಹೊರದೇಶದಿಂದ ಊರಿಗೆ ಬಂದಾಗ ಶಾಲೆಗೆಂದು ಒಂದು ಪೆಟ್ಟಿಗೆಯನ್ನು ಕೊಟ್ಟುಹೋದರು. ಬಿಚ್ಚಿ ನೋಡಿದರೆ ಚೌಕಟ್ಟುಗಳಿಗೆ ಅಂಟಿಕೊಂಡ ಪ್ಲಾಸ್ಟಿಕ್ ತುಂಡುಗಳು, ಹತ್ತಾರು ಬಗೆಯ ತಿರುಪುಗಳು, ಒಂದು ಮೋಟಾರು, ಹಲ್ಲುಗಾಲಿಗಳು, ಸ್ಪ್ರಿಂಗುಗಳು ಮತ್ತು ಚಿತ್ರಗಳೇ ಹೆಚ್ಚಾಗಿದ್ದ ಒಂದು ಕೈಪಿಡಿ. ಅದನ್ನು ತಯಾರಿಸಿದ ಕಂಪನಿ ಯಾವುದೆಂಬುದು ಇಲ್ಲಿ ಮುಖ್ಯವಲ್ಲ. ಈ ಜಾತಿಯ ಕಿಟ್‌ಗಳೆಲ್ಲವುಗಳ ಗುಣದೋಷಗಳು ಬಹುಮಟ್ಟಿಗೆ ಒಂದೇ.

ಆದರೂ ವಂಶಾವಳಿಯನ್ನು ತುಸು ಹೇಳಬೇಕು. ತಂತಿಯ ಹಂಗಿಲ್ಲದೆ ದೂರದ ವಸ್ತುವನ್ನು ಚಲಿಸುವಂತೆ ಮಾಡುವ ಹುಚ್ಚು ಹೊಸತೇನಲ್ಲ. ನಮ್ಮ ಜಗದೀಶಚಂದ್ರ ಬೋಸರು 1895ರ ಸುಮಾರಿನಲ್ಲಿ ಕಲ್ಕತ್ತೆಯಲ್ಲಿ ಗೋಡೆಯಾಚೆಯ ಗಂಟೆಯನ್ನು ವಿದ್ಯುತ್ ಅಲೆಗಳಿಂದ ಬಾರಿಸಿ ತೋರಿಸಿದರು. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನ ಸಭಾಂಗಣವೊಂದರಲ್ಲಿ ನೀರಿನ ತೊಟ್ಟಿಯೊಳಗೆ ಪುಟ್ಟ ದೋಣಿಯನ್ನು ಅದೇ ರೀತಿ ನಡೆಸಿದನು. ಮನೆಮಂದಿ ಕೂಡಿ ಕಟ್ಟಿ ಓಡಿಸುವ ಕಾರುಗಳ ಕಾಲ ಬಂದದ್ದು ಬಹಳ ಮುಂದೆ. ಜಪಾನಿನ ಶಿಜುವೊಕಾ ನಗರದ ತಾಮಿಯಾ ಕಂಪನಿಯು 1976ರಲ್ಲಿ ಪೋರ್ಷೆ 934 ಎಂಬ ತನ್ನ ಮೊದಲ ರೇಡಿಯೋ ಕಾರನ್ನು ಹೊರತಂದಿತು. 1979ರಲ್ಲಿ ಮರಳಿನ ಮೇಲೆ ಓಡುವ ಸ್ಯಾಂಡ್ ಸ್ಕಾರ್ಚರ್, 1984ರಲ್ಲಿ ಗ್ರಾಸ್‌ಹಾಪರ್ ಮತ್ತು ಹಾರ್ನೆಟ್ ಬಂದವು. ಇವುಗಳ ತಯಾರಿಕೆ ನಿಂತು ವರ್ಷಗಳಾದ ಮೇಲೆ, ಅಂದು ಹುಡುಗರಾಗಿದ್ದವರು ನಡುವಯಸ್ಸಿಗೆ ಬಂದು ಹಂಬಲಿಸತೊಡಗಿದರು. ಹಾರ್ನೆಟ್ 2004ರಲ್ಲಿಯೂ ಗ್ರಾಸ್‌ಹಾಪರ್ 2005ರಲ್ಲಿಯೂ ಬಹುಪಾಲು ಹಳೆಯ ರೂಪದಲ್ಲಿಯೇ ಮರುಹುಟ್ಟು ಪಡೆದವು. ಅವುಗಳಿಗಿಂತ ವೇಗವಾಗಿ ಓಡುವ, ಸಿದ್ಧವಾಗಿಯೇ ಸಿಗುವ ಕಾರುಗಳು ಅಂಗಡಿಗಳಲ್ಲಿ ಇರುವಾಗ ಇದೇಕೆ?

ನಮ್ಮ ಶಾಲೆಯ ಜಗಲಿಯಲ್ಲಿ ಇದಕ್ಕೆ ಉತ್ತರ ಸಿಕ್ಕಿತೆಂದು ನಾವು ಭಾವಿಸುತ್ತೇವೆ. ಏಳನೆಯ ತರಗತಿಯ ಮಕ್ಕಳು ಶನಿವಾರಗಳ ಮಧ್ಯಾಹ್ನ ಕುಳಿತು ಆ ಕಾರನ್ನು ಕಟ್ಟಿದರು. ರಾಯದುರ್ಗದ ಸೀಮೆಯ ಮಕ್ಕಳಿಗೆ ಬಂಡಿ ಕಟ್ಟುವುದು ಹೊಸದಲ್ಲ. ಸುಗ್ಗಿಯ ದಿನಗಳಲ್ಲಿ ಜೋಳದ ದಂಟಿನ ಸಿಪ್ಪೆ ಸುಲಿದು, ಬೆಂಡಿನ ಚೂರುಗಳನ್ನು ಸಿಬಿರುಗಳಿಂದ ಚುಚ್ಚಿ, ನೊಗ, ಮೂಕಿ, ಗಾಲಿಗಳ ಸಹಿತ ಎತ್ತಿನ ಬಂಡಿ ಮಾಡುವ ಕೈಗಳು ಅವು. ಕೈಪಿಡಿಯಲ್ಲಿ ಜಪಾನಿ ಭಾಷೆಯಿತ್ತು, ಇಂಗ್ಲಿಷಿತ್ತು. ಕನ್ನಡವಾಗಲಿ ತೆಲುಗಾಗಲಿ ಇರಲಿಲ್ಲ. ಮಕ್ಕಳು ಚಿತ್ರಗಳನ್ನು ನೋಡಿದರು, ತಾವೇ ಹೆಸರಿಟ್ಟರು. ಗಾಲಿಯ ನಡುವಿನದು ಗುಂಬ. ಗಾಲಿ ಕಳಚದಂತೆ ಹಿಡಿಯುವುದು ಕಡಾಣಿ. ಮುಂದಿನ ಗಾಲಿಗಳನ್ನು ಎಡಬಲಕ್ಕೆಳೆಯುವ ಸರಳು ಮೂಗುದಾರ. ಅಲೆಗಳನ್ನು ಹಿಡಿಯುವ ಡಬ್ಬಿ ಕಿವಿ. ಅದರಿಂದ ನೀಳವಾಗಿ ಮೇಲೆದ್ದ ತಂತಿ ಮೀಸೆ. ಮೀಸೆ ಇರಬೇಕಾದದ್ದು ಕಿವಿಯಲ್ಲಲ್ಲವೆಂದು ಒಬ್ಬ ಹುಡುಗಿ ತಕರಾರು ತೆಗೆದಳು. ಬಹುಮತದಿಂದ ಅದು ತಿರಸ್ಕೃತವಾಯಿತು.

ಪಾಠ ಹೇಳುವವರಾಗಿ ನಾವು ಇಲ್ಲಿ ಕಂಡ ಸಂಗತಿಯೆಂದರೆ, ಈ ಕಾರು ಏನನ್ನೂ ಮುಚ್ಚಿಡುವುದಿಲ್ಲ. ಕೈಯಲ್ಲಿರುವ ಗುಂಡಿಯನ್ನು ಸ್ವಲ್ಪ ತಿರುಗಿಸಿದರೆ ಗಾಲಿ ಸ್ವಲ್ಪವೇ ಏಕೆ ತಿರುಗುತ್ತದೆ? ಅಪ್ಪಣೆಯು ಕಿರಿದಾದ ಮಿಡಿತಗಳಾಗಿ ಹೋಗುತ್ತದೆ. ಮಿಡಿತವು ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ಇದ್ದರೆ ಒಂದು ಕೊನೆ, ಎರಡು ಪಾಲಿನಷ್ಟು ಇದ್ದರೆ ಇನ್ನೊಂದು ಕೊನೆ, ಒಂದೂವರೆಯಾದರೆ ನೇರ. ಸರ್ವೋ ಎಂಬ ಪುಟ್ಟ ಪೆಟ್ಟಿಗೆಯು ಆ ಮಿಡಿತದ ಉದ್ದವನ್ನು ತನ್ನ ಕೈ ಇರುವ ನೆಲೆಯೊಡನೆ ಹೋಲಿಸಿ, ಎರಡೂ ಸರಿಹೋಗುವವರೆಗೆ ತಿರುಗಿ ನಿಲ್ಲುತ್ತದೆ. ಕಪ್ಪುಹಲಗೆಯ ಮೇಲೆ ಇದನ್ನು ಬರೆದು ತಿಳಿಸಲು ನಮಗೆ ಒಂದು ವಾರ ಬೇಕಾದೀತು. ಸರ್ವೋದ ಮುಚ್ಚಳ ತೆರೆದು ತೋರಿಸಲು ಒಂದು ಗಳಿಗೆ ಸಾಕಾಯಿತು.

ಹಾಗೆಂದು ಹೊಗಳಿಕೆಯಲ್ಲಿ ಮೈಮರೆಯಲಾಗದು. ಈ ಹಳೆಯ ಮಾದರಿಗಳ ಕೊರತೆಗಳು ಒಂದೆರಡಲ್ಲ. ಮೊದಲನೆಯದಾಗಿ, ಪೆಟ್ಟಿಗೆ ಬಂದ ಮಾತ್ರಕ್ಕೆ ಕಾರು ಬಂದಂತಲ್ಲ. ರೇಡಿಯೋ ಬೇರೆ, ಬ್ಯಾಟರಿ ಬೇರೆ, ಅದಕ್ಕೆ ವಿದ್ಯುತ್ತು ತುಂಬುವ ಯಂತ್ರ ಬೇರೆ ಕೊಳ್ಳಬೇಕು. ಮದುವೆ ನಿಶ್ಚಯವಾದ ಮೇಲೆ ಒಡವೆಯ ಪಟ್ಟಿ ಕೊಟ್ಟ ಹಾಗೆ. ನಮ್ಮ ದೇಶವು ಹೊರಗಿನಿಂದ ಬರುವ ಆಟಿಕೆಗಳ ಮೇಲಿನ ಸುಂಕವನ್ನು 2020ರಲ್ಲಿ ಶೇ. 20ರಿಂದ 60ಕ್ಕೂ, 2023ರಲ್ಲಿ 70ಕ್ಕೂ ಏರಿಸಿದ್ದರಿಂದ ಒಂದು ಹಲ್ಲುಗಾಲಿ ಮುರಿದರೂ ಬಡ ಶಾಲೆಯವರು ಯೋಚಿಸಬೇಕಾದ ಸ್ಥಿತಿ ಬಂದಿತು. ಅಂದಿನ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಆರು ಕೋಶಗಳು ಸೇರಿ 7.2 ವೋಲ್ಟ್ ಕೊಡುತ್ತಿದ್ದವು. ಕಾಲು ಗಂಟೆಯ ಓಟಕ್ಕೆ ಅವನ್ನು ಗಂಟೆಗಟ್ಟಲೆ ತುಂಬಬೇಕಾಗುತ್ತಿತ್ತು, ಮತ್ತು ಕ್ಯಾಡ್ಮಿಯಂ ವಿಷ. ಅಂದಿನ ರೇಡಿಯೋಗಳಲ್ಲಿ ಹರಳಿನ ಜೋಡಿಯೊಂದು ಅಲೆಯ ಕಂಪನವನ್ನು ಗೊತ್ತುಪಡಿಸುತ್ತಿತ್ತು. ಒಂದೇ ಬಗೆಯ ಹರಳಿನ ಇಬ್ಬರು ಒಂದೇ ಬಯಲಿಗೆ ಬಂದರೆ ಒಬ್ಬನ ಅಪ್ಪಣೆಗೆ ಇನ್ನೊಬ್ಬನ ಕಾರು ಓಡುತ್ತಿತ್ತು. ಈಗಿನ 2.4 ಗಿಗಾಹರ್ಟ್ಸ್ ರೇಡಿಯೋಗಳು ಆ ಜಗಳವನ್ನು ತೀರಿಸಿವೆ.

ವೇಗವನ್ನು ಹತೋಟಿಯಲ್ಲಿಡುವ ಹಳೆಯ ವ್ಯವಸ್ಥೆಯಂತೂ ನೋಡಿದರೆ ನಗು ಬರುತ್ತದೆ. ನಿಧಾನವಾಗಿ ಹೋಗಬೇಕೆಂದರೆ ವಿದ್ಯುತ್ತಿನ ಒಂದು ಪಾಲನ್ನು ತಡೆಸುರುಳಿಯಲ್ಲಿ ಸುಟ್ಟು ಬಿಸಿ ಮಾಡುವುದು! ಅಷ್ಟಲ್ಲದೆ, ಗ್ರಾಸ್‌ಹಾಪರಿನಂಥವುಗಳಲ್ಲಿ ಹಿಂದಿನ ಹಲ್ಲುಗಾಲಿಗಳ ಪೆಟ್ಟಿಗೆಯೂ ಇರುಸೂ ಇಡಿಯಾಗಿ ಒಟ್ಟಿಗೆ ಮೇಲೆ ಕೆಳಗೆ ಆಡುವುದರಿಂದ, ನೆಲ ಸ್ವಲ್ಪ ಒರಟಾದರೂ ಕಾರು ಕುಣಿಯುತ್ತದೆ. ಮಿಡತೆಯೆಂಬ ಹೆಸರು ಅನ್ವರ್ಥವಾದುದೇ. ತಿರುಪುಗಳ ತಲೆಯ ಅಡ್ಡಗೀರು ಜಪಾನಿ ಅಳತೆಯದು. ನಮ್ಮ ಸಾಮಾನ್ಯ ತಿರುಪುಳಿ ಹಾಕಿ ಬಲವಾಗಿ ತಿರುಗಿಸಿದರೆ ಗೀರು ಸವೆದು ತಿರುಪು ಹಾಗೆಯೇ ಕುಳಿತುಬಿಡುತ್ತದೆ. ಗಾಲಿಗಳ ಇರುಸು ತಿರುಗುವುದು ಬರಿಯ ಪ್ಲಾಸ್ಟಿಕ್ ಬಳೆಗಳಲ್ಲಿ. ಧೂಳು ಹೊಕ್ಕರೆ ಬಳೆ ತೇಯುತ್ತದೆ, ಗಾಲಿ ಓಲಾಡುತ್ತದೆ. ನಮ್ಮ ಹಿರಿಯರು ಬಂಡಿಗೆ ಕೀಲೆಣ್ಣೆ ಹಾಕದೆ ಸಂತೆಗೆ ಹೊರಡುತ್ತಿರಲಿಲ್ಲ. ಈ ಜಪಾನಿ ಬಂಡಿಗೆ ಕೀಲೆಣ್ಣೆ ಹಾಕಿದರೆ ಧೂಳು ಇನ್ನಷ್ಟು ಅಂಟಿಕೊಳ್ಳುತ್ತದೆ.

ಈ ಬಳೆಗಳ ವಿಷಯದಲ್ಲಿ ರಾಯದುರ್ಗವೇ ನಮಗೆ ನೆರವಾಯಿತು. ಜೀನ್ಸ್ ಬಟ್ಟೆ ಹೊಲಿಯುವ ಊರೆಂದು ಅದನ್ನು ಎಲ್ಲರೂ ಬಲ್ಲರು. ಓಣಿಗೊಂದರಂತೆ ಹೊಲಿಗೆ ಯಂತ್ರ ರಿಪೇರಿಯವರಿದ್ದಾರೆ. ಅವರಲ್ಲೊಬ್ಬರಿಗೆ ಸವೆದ ಬಳೆಯನ್ನು ತೋರಿಸಿದಾಗ ಅಳತೆಗೋಲು ಹಿಡಿದು ನೋಡಿ, ಒಳಗೆ 5, ಹೊರಗೆ 11 ಮಿಲಿಮೀಟರೆಂದು ಹೇಳಿ, ಆ ಅಳತೆಯ ಉಕ್ಕಿನ ಗುಂಡುಗಳ ಬೇರಿಂಗುಗಳನ್ನು ಬಳ್ಳಾರಿಯಿಂದ ತರಿಸಿಕೊಟ್ಟರು. ಅವನ್ನು ಕೂಡಿಸಿದ ದಿನ ಗಾಲಿಯನ್ನು ಬೆರಳಿನಿಂದ ತಿರುಗಿಸಿ ಬಿಟ್ಟ ಹುಡುಗರು, ಅದು ನಿಲ್ಲುವವರೆಗೆ ಎಣಿಸುತ್ತ ಕುಳಿತಿದ್ದರು. ಒಳ್ಳೆಯದನ್ನೇ ಕೊಟ್ಟಿದ್ದರೆ ಈ ಎಣಿಕೆಗೆ ಅವಕಾಶವಿರುತ್ತಿರಲಿಲ್ಲವಷ್ಟೆ.

ಬಸ್ಸಿನಲ್ಲಿ ಪೆಟ್ಟಿಗೆಯನ್ನು ಕಂಡ ಪಕ್ಕದ ರೈತರೊಬ್ಬರು, "ಚಳ್ಳಕೆರೆ ಕಡೆ ಬಿದ್ದದ್ದು ಇಂಥದ್ದೇನ್ರೀ?" ಎಂದು ಕೇಳಿದರು. ಅವರ ಪ್ರಶ್ನೆ ಅಸಂಬದ್ಧವಾದುದಲ್ಲ. ನಮ್ಮ ಗಡಿಗೆ ಹತ್ತಿರದ ಚಳ್ಳಕೆರೆಯ ವಿಮಾನ ಪರೀಕ್ಷಾ ಬಯಲು 2017ರ ಮೇ 28ರಂದು ಉದ್ಘಾಟನೆಯಾಯಿತು. ಅದಕ್ಕೂ ಮೊದಲೇ, 2016ರ ನವೆಂಬರಿನಲ್ಲಿ, ಪೈಲಟ್ ಇಲ್ಲದ ರುಸ್ತುಂ-2 ಅಲ್ಲಿಂದ ಮೊದಲ ಬಾರಿ ಹಾರಿತ್ತು. 2019ರ ಸೆಪ್ಟೆಂಬರಿನಲ್ಲಿ ಆ ಬಗೆಯ ಒಂದು ವಿಮಾನ ಜೋಡಿ ಚಿಕ್ಕೇನಹಳ್ಳಿಯ ಬಳಿಯೂ, 2023ರ ಆಗಸ್ಟಿನಲ್ಲಿ ಇನ್ನೊಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಬಳಿಯೂ ಬಿದ್ದವು. ಜನ ಓಡಿಬಂದು ನೋಡಿದರು. ಹಾರುವಾಗ ಕಾಣದಷ್ಟು ಎತ್ತರದಲ್ಲಿದ್ದ ವಸ್ತುವಿನ ಒಳಗನ್ನು ಹಳ್ಳಿಗರು ಕಂಡದ್ದು ಅದು ಮುರಿದಾಗ. ಇದು ಆಟದ್ದು, ಅದು ದೇಶದ ಕೆಲಸದ್ದು, ಆದರೆ ದೂರದಿಂದ ಅಪ್ಪಣೆ ಕೊಡುವ ತತ್ತ್ವ ಒಂದೇ ಎಂದು ನಾವು ಹೇಳಿದೆವು. ಅವರು ಪಾವಗಡದವರೆಗೂ ಪೆಟ್ಟಿಗೆಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡಿದ್ದರು.

ಮಡಕಶಿರದ ಕಡೆಯ ಆ ಶಾಲೆಯ ಅಂಗಳ ಕೆಂಪು ಮಣ್ಣಿನದು, ಗಟ್ಟಿಯಾದದ್ದು. ನಮ್ಮ ಕಾರು ಅಲ್ಲಿ ಕುಣಿಯದೆ ಚೆನ್ನಾಗಿಯೇ ಓಡಿತು. ಅಲ್ಲಿನ ಮಕ್ಕಳು ಹಳೆಯ ಹವಾಯಿ ಚಪ್ಪಲಿಗಳನ್ನು ದುಂಡಗೆ ಕತ್ತರಿಸಿ ಗಾಲಿ ಮಾಡಿ, ಉದ್ದನೆಯ ಕೋಲಿನ ತುದಿಗೆ ಸಿಕ್ಕಿಸಿ ತಳ್ಳಿಕೊಂಡು ಓಡುವ ಬಂಡಿಗಳನ್ನು ತಂದಿದ್ದರು. ಕೆಲವರ ಬಂಡಿಗಳಿಗೆ ತಿರುಗುವ ಚಕ್ರವೂ ಇತ್ತು. ಕಾರನ್ನು ನೋಡಿ ಅವರ ಕಣ್ಣರಳಿದುದು ನಿಜ. ಆದರೆ ಹೆಚ್ಚು ಹೊತ್ತು ನೋಡಿದ್ದು ಅದನ್ನು ಅಂಗಾತ ಮಲಗಿಸಿದಾಗ. ನಮ್ಮ ಮಕ್ಕಳು ಬರೆದ ಹೆಸರುಗಳ ಪಟ್ಟಿಯನ್ನು ಗೆಳೆಯರು ಹಲಗೆಯ ಮೇಲೆ ಬರೆಯಿಸಿದರು. ಗುಂಬ, ಕಡಾಣಿಗಳು ಯಾರಿಗೂ ಹೊಸದಾಗಿರಲಿಲ್ಲ.

ಆ ಶಾಲೆಯ ಸ್ಥಿತಿಯನ್ನು ಗೆಳೆಯರು ದಾರಿಯಲ್ಲಿಯೇ ಹೇಳಿದ್ದರು. ಐದನೆಯ ತರಗತಿಯಲ್ಲಿ ಉಳಿದವರು ಒಂಬತ್ತು ಮಂದಿ. ಜೂನ್ ತಿಂಗಳಲ್ಲಿ ಅವರಲ್ಲಿ ನಾಲ್ವರು ಪಟ್ಟಣದ ಇಂಗ್ಲಿಷ್ ಶಾಲೆಗೆ ಹೋಗುವ ಸೂಚನೆಯಿತ್ತು. ಆ ನಾಲ್ವರಲ್ಲಿ ಒಬ್ಬನ ತಂದೆ ಟ್ರ್ಯಾಕ್ಟರುಗಳ ಸೆಲ್ಫ್ ಮೋಟಾರು, ಡೈನಮೋ ರಿಪೇರಿ ಮಾಡುವವರು. ಸಂಜೆ ಮಗನನ್ನು ಕರೆದೊಯ್ಯಲು ಬಂದವರು ಅಂಗಳದಲ್ಲಿ ನಿಂತು ಕಾರಿನ ಓಟ ನೋಡಿದರು. ಆಮೇಲೆ, "ಚೆನ್ನಾಗೈತೆ ಮೇಷ್ಟ್ರೇ. ಆದ್ರೆ ಇದನ್ನ ಕನ್ನಡದಲ್ಲಿ ಕಲಿತು ಹುಡುಗ್ರು ಎಲ್ಲಿಗೆ ಹೋಗ್ತಾರೆ?" ಎಂದರು. ಗೆಳೆಯರು ನಮ್ಮ ಮುಖ ನೋಡಿದರು. ಇದಕ್ಕೆ ಸಭೆಗಳಲ್ಲಿ ಕೊಡುವ ಉತ್ತರವೊಂದಿದೆ. ಅದನ್ನು ಅವರಿಗೆ ಹೇಳಲು ನಮ್ಮ ನಾಲಗೆ ಏಳಲಿಲ್ಲ. ಅವರು ಕೇಳಿದ್ದು ಸಭೆಯಲ್ಲಲ್ಲ, ಸಂಜೆ ಐದು ಗಂಟೆಗೆ, ಮಗನ ಚೀಲವನ್ನು ಹೆಗಲಿಗೆ ಹಾಕಿಕೊಂಡು.

ಅಷ್ಟರಲ್ಲಿ ಕಾರು ನಿಂತಿತು. ಬ್ಯಾಟರಿ ತೀರಿತೆಂದು ನಾವು ತಿಳಿದೆವು. ಅವರು ಬಾಗಿ, ಮೋಟಾರನ್ನು ಮುಟ್ಟಿ ನೋಡಿ, ಕಿವಿಯ ಬಳಿ ಹಿಡಿದು ಅಲ್ಲಾಡಿಸಿ, "ಬ್ಯಾಟರಿಯಲ್ಲ, ಬ್ರಷ್ ತೇದೈತೆ" ಎಂದರು. ನಾಲ್ಕು ತಿರುಪು ಬಿಚ್ಚಿ ಮೋಟಾರನ್ನು ಹೊರತೆಗೆದದ್ದು ಅವರ ಮಗನೇ. ಆದರೆ ಮೋಟಾರು ಮಾತ್ರ ತಗಡಿನ ಅಂಚು ಮಡಚಿ ಮುಚ್ಚಿದ ಡಬ್ಬಿ. ಬ್ರಷ್ ಸವೆದರೆ ಇಡೀ ಮೋಟಾರನ್ನೇ ಎಸೆದು ಹೊಸದನ್ನು ಕೊಳ್ಳಬೇಕೆಂಬುದು ಈ ಕಿಟ್‌ಗಳನ್ನು ಮಾಡಿದವರ ಎಣಿಕೆ. "ಎಲ್ಲಾ ಬಿಚ್ಚೋ ಹಂಗೆ ಮಾಡಿ ಇದೊಂದನ್ನ ಯಾಕೆ ಮುಚ್ಚಿಟ್ರು ಮೇಷ್ಟ್ರೇ?" ಎಂದು ಅವರು ಕೇಳಿದರು. ಈ ಕಾರಿನ ಬಗ್ಗೆ ನಾವು ಕೇಳಿದ ಆಕ್ಷೇಪಗಳಲ್ಲೆಲ್ಲ ಇದೇ ತೂಕದ್ದು.

ಜೇಬಿನಿಂದ ಸಣ್ಣ ಇಕ್ಕಳ ತೆಗೆದು, ಮಡಚಿದ ತಗಡಿನ ಕಿವಿಗಳನ್ನು ಒಂದೊಂದಾಗಿ ಎಬ್ಬಿಸಿ, ಹಿಂದಿನ ಮುಚ್ಚಳವನ್ನು ಎಳೆದರು. ಒಳಗೆ ತಾಮ್ರದ ಸುರುಳಿ, ಅದರ ಕೊರಳಿಗೆ ತಾಮ್ರದ ಮೂರು ತುಂಡುಗಳ ಪಟ್ಟಿ, ಎರಡು ಕಡೆ ಕಪ್ಪು ಪುಡಿಯಾಗಿ ಉಳಿದ ಬ್ರಷ್‌ಗಳು. ಮಕ್ಕಳು ಸುತ್ತ ಕವಿದುಕೊಂಡರು. ವಿದ್ಯುತ್ತು ಯಾವ ಕಡೆಯಿಂದ ಬರುತ್ತದೆ, ಸುರುಳಿ ಅರ್ಧ ಸುತ್ತಿದಾಗ ಅದು ಹೇಗೆ ತಿರುವುಮುರುವಾಗುತ್ತದೆ ಎಂಬುದನ್ನು ಅವರು ಇಕ್ಕಳದ ತುದಿಯಿಂದ ತೋರಿಸುತ್ತ ಹೋದರು, ಕನ್ನಡದಲ್ಲಿ, ನಡುನಡುವೆ ತೆಲುಗಿನಲ್ಲಿ, ಬೇಕಾದೆಡೆ ವರ್ಕ್‌ಷಾಪಿನ ಇಂಗ್ಲಿಷಿನಲ್ಲಿ. ನಾವೂ ನಮ್ಮ ಗೆಳೆಯರೂ ಹಿಂದಿನ ಸಾಲಿನಲ್ಲಿ ನಿಂತು ಕೇಳಿದೆವು.

ಟ್ರ್ಯಾಕ್ಟರಿನ ಹಳೆಯ ಬ್ರಷ್ ಒಂದನ್ನು ಅರದಿಂದ ತೇದು ಚಿಕ್ಕದು ಮಾಡಿ ಹಾಕಬಹುದೆಂದು ಹೇಳಿ ಅವರು ಮೋಟಾರನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡರು. ಜೂನ್ ತಿಂಗಳ ಮಾತನ್ನು ಗೆಳೆಯರು ಎತ್ತಿದಾಗ, "ನೋಡೋಣ ಬಿಡಿ ಮೇಷ್ಟ್ರೇ" ಎಂದಷ್ಟೇ ಅಂದರು. ಆರು ಗಂಟೆಯ ಬಸ್ಸಿಗೆ ನಾವು ಬರಿಗೈಯಲ್ಲಿ ಹತ್ತಿದೆವು. ಕಾರು ಆ ಶಾಲೆಯ ಬೀರುವಿನ ಮೇಲಿದೆ, ಮೋಟಾರು ಆ ರಿಪೇರಿಯವರ ಅಂಗಡಿಯಲ್ಲಿದೆ.